ಚಲೋ ಆಗೇತಿ, ಮಾಮಾ

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಆಫೀಸಿನ ಕೆಫೆಟೇರಿಯಾದ ಮೂಲೆಯಲ್ಲಿ ನಿಂತು ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವತ್ತು ಅವನಿಗೆ ಸೆಕೆಂಡ್ ಪಿಯುಸಿ ಕೆಮಿಸ್ಟ್ರಿ ಪೇಪರ್. 'ಹೆಂಗ ಆತೋ?' ಅಂದೆ. 'ಚಲೋ ಆಗೇತಿ, ಮಾಮಾ' ಅಂದ. ಅಷ್ಟೇ. ಊಟ ಆಯ್ತಾ, ಊರಲ್ಲಿ ಬಿಸಿಲು ಹೆಂಗೈತಿ ಅಂತ ಇನ್ನೆರಡು ಮಾತಾಡಿ ಇಟ್ಟೆವು.

ಫೋನ್ ಇಟ್ಟಮೇಲೆ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಆ 'ಚಲೋ ಆಗೇತಿ' ನನಗೆ ಚೆನ್ನಾಗಿ ಗೊತ್ತಿತ್ತು. ದನಿ ಒಂದು ಮೆಟ್ಟಿಲು ಮೇಲೇರಿ, ಕೊನೆಯ ಅಕ್ಷರಕ್ಕೆ ಬರೋವಷ್ಟರಲ್ಲಿ ಅವಸರ ಬಿದ್ದು, ಮುಂದಿನ ಪ್ರಶ್ನೆ ಬರೋದಕ್ಕೆ ಮುಂಚೆ ಬಾಗಿಲು ಹಾಕಿಕೊಳ್ಳೋ ಹಾಗೆ ಮುಗಿಯೋ ಮಾತು. ಹದಿನಾಲ್ಕು ವರ್ಷದ ಹಿಂದೆ ಬೆಳಗಾವಿಯ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ನಾನು ಅಪ್ಪನಿಗೆ ಹೇಳುತ್ತಿದ್ದದ್ದು ಇದನ್ನೇ, ಹೀಗೇ.

ಹುಡುಗ ಸುಳ್ಳು ಹೇಳಿದ ಅನ್ನೋದು ನನ್ನನ್ನು ಅಷ್ಟು ಕಾಡಲಿಲ್ಲ. ಪರೀಕ್ಷೆ ಬರೆದು ಬಂದವರೆಲ್ಲ ಒಂದಿಷ್ಟು ಸುಳ್ಳು ಹೇಳೋರೇ. ಕಾಡಿದ್ದು, ಅವನು ಆ ಸುಳ್ಳನ್ನು ನನಗೆ ಹೇಳಿದ ಅನ್ನೋದು. ಯಾಕಂದ್ರೆ ಅವನ ಫೀ ಕಟ್ಟೋದು ನಾನು. ಭಾವನದು ಕೊಣ್ಣೂರಿನಲ್ಲಿ ಸಣ್ಣ ಕಿರಾಣಿ ಅಂಗಡಿ. ಅದರಲ್ಲಿ ಮನೆ ನಡೆಯುತ್ತೆ, ಸೈನ್ಸ್ ಕಾಲೇಜು ಮತ್ತು ಸಿಇಟಿ ಕೋಚಿಂಗ್ ಎರಡೂ ನಡೆಯೋದಿಲ್ಲ. 'ನಾ ನೋಡ್ಕೋತೇನಿ ಬಿಡ ಅಕ್ಕಾ' ಅಂದಿದ್ದೆ, ದೊಡ್ಡ ಮನುಷ್ಯನ ಹಾಗೆ. ಜನವರಿಯಲ್ಲಿ ಪ್ರಿಪರೇಟರಿ ಅಂಕ ಕಡಿಮೆ ಬಂದಾಗ ಅದೇ ದೊಡ್ಡ ಮನುಷ್ಯ ಫೋನಿನಲ್ಲಿ ಒಂದು ಮಾತು ಅಂದುಬಿಟ್ಟ: 'ಎಷ್ಟ ರೊಕ್ಕಾ ಹೊಂಟೈತಿ ಗೊತ್ತೈತೇನ ನಿನಗ?'

ಆ ಕಡೆಯಿಂದ ಸದ್ದಿಲ್ಲ. ಆಮೇಲೆ 'ಹೂಂ ಮಾಮಾ.' ಅವತ್ತಿನಿಂದ ಅವನಿಗೆ ಎಲ್ಲಾ ಪೇಪರೂ ಚಲೋ ಆಗತೊಡಗಿದವು.

ಓದಿನ ಒತ್ತಡ ಅಂದರೆ ನಮ್ಮ ಕಣ್ಣಿಗೆ ಬರೋ ಚಿತ್ರಗಳು ಕೆಲವಿವೆ. ಕೋಟಾದ ಪಿಜಿ ಕೋಣೆಗಳು. ತೊಂಬತ್ತೆಂಟು ಬಂದರೆ ಇನ್ನೆರಡು ಎಲ್ಲಿ ಹೋದವು ಅಂತ ಕೇಳೋ ಅಪ್ಪ. ಟ್ಯೂಷನ್ ಬಿಟ್ಟು ಇನ್ನೊಂದು ಟ್ಯೂಷನ್ನಿಗೆ ಕಾರಿನಲ್ಲಿ ಬಿಡೋ ಅಮ್ಮ. ನಾನು ಬೆಳೆದ ಮನೆಯಲ್ಲಿ ಇದ್ಯಾವುದೂ ಇರಲಿಲ್ಲ. ನಮ್ಮಪ್ಪ ಒಂದು ದಿನವೂ 'ಓದು' ಅಂದವನಲ್ಲ. ಗಿರಣಿಯಲ್ಲಿ ಅವನ ಕೆಲಸ. ಘಟಪ್ರಭೆ ಧುಮುಕೋ ಜಾಗದಲ್ಲಿ, ಆ ನೀರಿನ ಬಲ ನಂಬಿಕೊಂಡೇ 1880ರ ದಶಕದಲ್ಲಿ ಶುರುವಾದ ನೂಲಿನ ಗಿರಣಿ ಅದು. ಸುತ್ತಲಿನ ಊರುಗಳ ಗಡಿಯಾರ ಅಂದರೆ ಗಿರಣಿಯ ಭೋಂಗಾ. ರಾತ್ರಿ ಪಾಳಿ ಮುಗಿಸಿ ಅಪ್ಪ ಬೆಳಗ್ಗೆ ಮನೆಗೆ ಬರುವಾಗ ತಲೆಗೂದಲಲ್ಲಿ ಹತ್ತಿಯ ಪುಡಿ ಕೂತಿರೋದು. ನಾನು ಪುಸ್ತಕ ಹಿಡಿದು ಕೂತಿದ್ದರೆ ಸಪ್ಪಳ ಆಗದ ಹಾಗೆ ಚಪ್ಪಲಿ ಬಿಟ್ಟು, ಕೆಮ್ಮು ಬಂದರೆ ಹೊರಗೆ ಹೋಗಿ ಕೆಮ್ಮಿ ಬರೋನು.

ಆ ಹೊರಗೆ ಹೋಗಿ ಕೆಮ್ಮೋದಿದೆಯಲ್ಲ, ಅದೇ ನನ್ನ ಒತ್ತಡ. ಬೈದಿದ್ದರೆ ನಾನೂ ಎದುರಾಡಬಹುದಿತ್ತು. ಕೆಮ್ಮಿಗೆ ಏನಂತ ಎದುರಾಡೋದು?

ಎಸ್ಸೆಸ್ಸೆಲ್ಸಿವರೆಗೆ ಎಲ್ಲ ಸಲೀಸಾಗಿಯೇ ಇತ್ತು. ಕನ್ನಡ ಮಾಧ್ಯಮ. ಶೇಕಡಾ 84 ಬಂತು. ಅಪ್ಪ ಇಡೀ ಓಣಿಗೆ ಪೇಢೆ ಹಂಚಿದ. ತನ್ನ ಪಾಳಿಯವರಿಗೆ ಬೇರೆ ಡಬ್ಬಿ. ಪಿಯುಸಿಗೆ ಹೋದ ಮೊದಲ ವಾರ ಗೊತ್ತಾಯ್ತು, ನಾನು ಹತ್ತು ವರ್ಷ ಕಲಿತ ವಿಜ್ಞಾನಕ್ಕೆ ಅಲ್ಲಿ ಬೇರೆ ಹೆಸರು ಅಂತ. ವೇಗೋತ್ಕರ್ಷ ಹೋಗಿ ಆಕ್ಸಲರೇಶನ್ ಆಗಿತ್ತು, ಘರ್ಷಣೆ ಫ್ರಿಕ್ಷನ್ ಆಗಿತ್ತು. ಗೊತ್ತಿರೋದನ್ನೇ ಗೊತ್ತಿಲ್ಲದವನ ಹಾಗೆ ಕೂತು ಕೇಳೋದು ಎಂಥ ವಿಚಿತ್ರ ಅವಮಾನ ಅನ್ನೋದು ಆ ದಾರಿಯಲ್ಲಿ ಬಂದವರಿಗೆ ಗೊತ್ತು. ಹೇಗೋ ದಾಟಿದೆ. ಸಿಇಟಿಯಲ್ಲಿ ಸೀಟು ಸಿಕ್ಕಿತು, ಬೆಳಗಾವಿಗೆ ಹೋದೆ. ನಮ್ಮ ಮನೆತನದಲ್ಲಿ ಮೊದಲ ಇಂಜಿನಿಯರ್ ಆಗೋನು. ಇನ್ನೂ ಆಗಿರಲಿಲ್ಲ, ಆದರೆ ಓಣಿಯಲ್ಲಿ ಆಗಲೇ ಹಾಗೇ ಕರೆಯುತ್ತಿದ್ದರು.

ಮೂರನೇ ಸೆಮಿಸ್ಟರಿನಲ್ಲಿ ಮೂರು ವಿಷಯ ಬ್ಯಾಕ್ ಆದವು. ಎಂ-ಥ್ರೀಯಲ್ಲಿ 100ಕ್ಕೆ 11. ವಿ.ಟಿ.ಯು.ದಲ್ಲಿ ಓದಿದವರಿಗೆ ಎಂ-ಥ್ರೀ ಅಂದರೆ ಏನಂತ ವಿವರಿಸಬೇಕಿಲ್ಲ. ಅಪ್ಪ ಫೋನ್ ಮಾಡಿ 'ರಿಸಲ್ಟ್ ಬಂತಂತಲ್ಲಪಾ?' ಅಂದ. 'ಹೂಂ, ಚಲೋ ಆಗೇತಿ' ಅಂದೆ. 'ಎಷ್ಟ ಬಿತ್ತು?' ಒಂದು ಸೆಕೆಂಡು ಸುಮ್ಮನಿದ್ದು '68' ಅಂದೆ. ಯಾಕೆ 68? ಗೊತ್ತಿಲ್ಲ. 70 ಅಂದರೆ ಜಾಸ್ತಿ ಸುಳ್ಳು ಅನ್ನಿಸಿರಬೇಕು.

ಸುಳ್ಳಿಗೂ ಬಡ್ಡಿ ಇರುತ್ತೆ. ಮುಂದಿನ ಸೆಮಿಸ್ಟರಿಗೆ 68ಕ್ಕಿಂತ ಕಡಿಮೆ ಹೇಳೋ ಹಾಗಿಲ್ಲ. ಊರಿಗೆ ಹೋದರೆ ಅಪ್ಪನ ಗೆಳೆಯರು ತಮ್ಮ ಮಕ್ಕಳನ್ನು ಕರೆತಂದು 'ಇವನ ಕಡೆ ಕೇಳು, ಹೆಂಗ ಓದಬೇಕಂತ' ಅನ್ನೋರು. ನಾನು ಹೇಳುತ್ತಿದ್ದೆ ಕೂಡ! ಟೈಮ್‌ಟೇಬಲ್ ಹಾಕಿಕೊಡುತ್ತಿದ್ದೆ. ಆ ಟೈಮ್‌ಟೇಬಲ್ ಪ್ರಕಾರ ಓದಿದ ಒಬ್ಬ ಹುಡುಗ ಈಗ ನನಗಿಂತ ಒಳ್ಳೇ ಕೆಲಸದಲ್ಲಿದ್ದಾನೆ, ಅದು ಬೇರೆ ಮಾತು.

ಒಂದು ವರ್ಷ ಕಳೆಯಿತು. ಕಾಲೇಜಿನಿಂದ ಮನೆಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಹೋಯಿತು. ಅಪ್ಪ ಅದನ್ನು ಓಣಿಯ ಮಾಸ್ತರರ ಹತ್ತಿರ ಒಯ್ದು ಓದಿಸಿದ. ಮರುದಿನ ರಾತ್ರಿ ಪಾಳಿ ಮುಗಿಸಿ, ಮಲಗದೆ, ಬೆಳಗ್ಗೆ ಬಸ್ಸು ಹತ್ತಿ ಬೆಳಗಾವಿಗೆ ಬಂದ. ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಕೂತೆವು. ಎರಡು ಚಾ ಬಂದವು. ನಾನು ಬೈಗುಳಕ್ಕೆ ತಯಾರಾಗಿದ್ದೆ. ಅಪ್ಪ ಬಹಳ ಹೊತ್ತು ಚಾ ಊದಿದ. ಆಮೇಲೆ 'ಹೇಳಿದ್ರ ನಾ ಏನ ಹೊಡೀತಿದ್ನೇನ?' ಅಂದ. ನಾನು ಅಳತೊಡಗಿದಾಗ ಗಾಬರಿಯಾಗಿ ಏನೇನೋ ಮಾತಾಡಿದ. ಆ ಗಾಬರಿಯಲ್ಲೇ ಬಾಯಿ ತಪ್ಪಿ ಬಂದ ಮಾತು: 'ಬೋರಮಾಳ ಹೋದ್ರ ಹೋಗ್ಲಿ, ನಿಮ್ಮವ್ವ ಏನೂ ಅನ್ನೂದುಲ್ಲ.'

ಅವ್ವನ ಬೋರಮಾಳವನ್ನು ಸೊಸೈಟಿಯಲ್ಲಿ ಅಡ ಇಟ್ಟಿದ್ದರು. ನನಗೆ ಹೇಳಿದ್ದು ಪಟವೇಗಾರನ ಹತ್ತಿರ ಪೋಣಿಸೋಕೆ ಕೊಟ್ಟೇವಿ ಅಂತ. ಎರಡು ವರ್ಷದಿಂದ. ಎರಡು ವರ್ಷ ಯಾವ ಪಟವೇಗಾರ ಒಂದು ಸರ ಪೋಣಿಸುತ್ತಾನೆ? ಇದನ್ನು ಬರೆಯುವಾಗ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು: ನನಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗಿದ್ದೆ, ಅಷ್ಟೇ. ನನಗೆ ಭಾರ ಆಗಬಾರದು ಅಂತ ಅವರು ಮುಚ್ಚಿಟ್ಟರು, ಅವರಿಗೆ ನೋವಾಗಬಾರದು ಅಂತ ನಾನು ಮುಚ್ಚಿಟ್ಟೆ. ಮೂರೂ ಜನ ಒಬ್ಬರ ಮೇಲೊಬ್ಬರು ಇಷ್ಟು ಪ್ರೀತಿ ಇಟ್ಟುಕೊಂಡು, ಎರಡು ವರ್ಷ ಒಬ್ಬರಿಗೊಬ್ಬರು ಒಂದೇ ಒಂದು ನಿಜ ಹೇಳಲಿಲ್ಲ.

ಆವಾಗಿನಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೂತಿದೆ. ಅಂಕ ಯಾರದ್ದು? ಬರೆದವನದ್ದಾ, ಬರೆಸಿದವರದ್ದಾ? ಅಪ್ಪನ ರಾತ್ರಿ ಪಾಳಿಗೆ, ಅವ್ವನ ಬೋರಮಾಳಕ್ಕೆ ನನ್ನ 68 ರಸೀದಿಯಾ? ಹಾಗಿದ್ದರೆ 11 ಬಂದದ್ದು ಬರೀ ಸೋಲಲ್ಲ, ಮೋಸ. ನಾವು ಎಷ್ಟೋ ಜನ ಓದುವಾಗ ಒಳಗೊಳಗೇ ಹೀಗೇ ಲೆಕ್ಕ ಹಾಕಿರುತ್ತೇವೆ. ಗಣಿತ ಕಷ್ಟ ಅನ್ನೋದು ಗಣಿತದ ಕಷ್ಟ. ಗಣಿತದಲ್ಲಿ ಫೇಲಾದರೆ ನಾನು ಸಾಲ ತೀರಿಸದ ಮನುಷ್ಯ ಅನ್ನೋದು ಬೇರೆಯದೇ ಕಷ್ಟ, ಅದಕ್ಕೆ ಯಾವ ಕೋಚಿಂಗೂ ಇಲ್ಲ.

ಅಂದಹಾಗೆ ಆ ರಸೀದಿಯ ಮೇಲಿರೋ ಸಂಖ್ಯೆಯಾದರೂ ಎಂಥದ್ದು ನೋಡಿ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇಕಡಾ 83.89. ಮರುವರ್ಷ ಪರೀಕ್ಷಾ ಕೋಣೆಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು, ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಗ್ರೇಸ್ ಅಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೆ. ಅದೇ ವರ್ಷ ಪೂರಕ ಪರೀಕ್ಷೆ ಅನ್ನೋ ಹೆಸರು ಹೋಗಿ ಪರೀಕ್ಷೆ-1, 2, 3 ಬಂದವು. ಮೂರರಲ್ಲಿ ಯಾವುದು ಜಾಸ್ತಿಯೋ ಅದು ಲೆಕ್ಕಕ್ಕೆ ಅಂತ ಆಯ್ತು. ಇದು ಒಳ್ಳೇ ಕೆಲಸ ಅಂತಲೇ ನನ್ನ ಅಭಿಪ್ರಾಯ. ಇನ್ನು ಮೂವತ್ತೈದು! ನಮ್ಮ ಕಾಲಕ್ಕೆ ಅದು ಸಂಖ್ಯೆ ಆಗಿರಲಿಲ್ಲ, ಮನುಷ್ಯರನ್ನು ಎರಡು ಜಾತಿ ಮಾಡೋ ಗೆರೆ ಆಗಿತ್ತು. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಅದನ್ನು 33 ಮಾಡೋದಾಗಿ ಹೇಳಿತು. ಒಂದು ಮೀಟಿಂಗಿನಲ್ಲಿ ಎರಡು ಅಂಕ ಹಿಂದೆ ಸರಿಯಬಲ್ಲ ಗೆರೆಯ ಮೇಲೆ ಅಪ್ಪನ ಇಪ್ಪತ್ತು ವರ್ಷದ ನಿದ್ದೆಯನ್ನು ಅಳೆಯೋಕೆ ಹೊರಟಿದ್ದೆನಲ್ಲ ಅಂತ ಈಗ ಅನ್ನಿಸುತ್ತೆ.

ಆದರೆ ಸಂಖ್ಯೆ ಪೊಳ್ಳು ಅಂದ ಮಾತ್ರಕ್ಕೆ ಪ್ರಶ್ನೆ ಪೊಳ್ಳಾಗೋದಿಲ್ಲ. ಅಂಕ ಬಿಡಿ, ಏನೋ ಒಂದು ತೀರಿಸೋದಂತೂ ಇದೆಯಲ್ಲ?

ಇದಕ್ಕೆ ಜೇನ್ ಇಂಗ್ಲಿಷ್ ಅನ್ನೋ ಅಮೆರಿಕದ ತತ್ವಶಾಸ್ತ್ರಜ್ಞೆ ಕೊಟ್ಟ ಉತ್ತರ ಪ್ರಸಿದ್ಧ. ಬೆಳೆದ ಮಕ್ಕಳು ತಂದೆತಾಯಿಗೆ ಏನು ತೀರಿಸಬೇಕು ಅನ್ನೋದೇ 1979ರಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಶ್ನೆ. ಉತ್ತರ: ಏನೂ ಇಲ್ಲ. ಮಾತು ಒರಟು, ವಾದ ಸೂಕ್ಷ್ಮ. ನಾನು ಕೇಳಿ ನೀವು ಸಹಾಯ ಮಾಡಿದರೆ ನಾನು ಸಾಲಗಾರ. ನಾನು ಕೇಳದೇ ನೀವು ನನ್ನ ಅಂಗಳದ ಹುಲ್ಲು ಕತ್ತರಿಸಿ ಹೋದರೆ, ನಾನು ನಿಮಗೆ ಸಾಲಗಾರನಾಗೋದಿಲ್ಲ. ತಂದೆತಾಯಿಯ ತ್ಯಾಗ ಎರಡನೇ ಥರದ್ದು. ಹಾಗಂತ ಮಕ್ಕಳಿಗೆ ಕರ್ತವ್ಯ ಇಲ್ಲ ಅಂತಲ್ಲ. ಗೆಳೆತನದಲ್ಲಿ ಇರೋ ಹಾಗೆ, ಪ್ರೀತಿ ಇರೋವರೆಗೆ ಒಬ್ಬರಿಗೊಬ್ಬರು ಮಾಡೋದು ಇರುತ್ತೆ. ಆದರೆ ಅದು ತೀರಿಕೆ ಅಲ್ಲ, ಅದರಲ್ಲಿ ಇಷ್ಟಕ್ಕಿಷ್ಟು ಅನ್ನೋ ಲೆಕ್ಕ ಇಲ್ಲ.

ಓದಿದಾಗ ಎದೆ ಹಗುರಾಯ್ತು. ಎರಡು ದಿನ ಅಷ್ಟೇ. ಕೊಣ್ಣೂರಿನ ಮನೆಗೆ ಹೋಗಿ ಅವ್ವನ ಬರಿಗೊರಳು ನೋಡಿದರೆ ಈ ವಾದ ನಿಲ್ಲಲ್ಲ. ನಾನು ಕೇಳಿರಲಿಲ್ಲ, ನಿಜ. ಬೇಡ ಅಂತಲೂ ಅಂದಿರಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದೆ. ಹುಲ್ಲು ಕತ್ತರಿಸುತ್ತಿದ್ದಾಗ ಕಿಟಕಿಯ ಪರದೆ ಸರಿಸಿ ನೋಡಿ, ಮತ್ತೆ ಎಳೆದುಕೊಂಡವನ ಕಥೆ ಏನು?

ನನಗೆ ಹೆಚ್ಚು ಸಹಾಯ ಮಾಡಿದ್ದು ನಮ್ಮ ಮಾತಿನಲ್ಲೇ ಇರೋ ಎರಡು ಪದ. ಒಂದು ಋಣ, ಇನ್ನೊಂದು ಹಂಗು. ನಿಘಂಟಿನಲ್ಲಿ ಎರಡೂ ಹತ್ತಿರ ಹತ್ತಿರ ಇರಬಹುದು, ಬಾಯಲ್ಲಿ ಬಹಳ ದೂರ. 'ಅವರ ಅನ್ನದ ಋಣ ಐತಿ' ಅನ್ನುವಾಗ ದನಿಯಲ್ಲಿ ಒಂದು ಹೆಮ್ಮೆಯೇ ಇರುತ್ತೆ, ನಾವು ಒಬ್ಬರಿಗೊಬ್ಬರು ಸೇರಿದವರು ಅನ್ನೋ ಹಾಗೆ. 'ಅವರ ಹಂಗಿನ್ಯಾಗ ಅದೇನಿ' ಅಂದರೆ ತಲೆ ತಗ್ಗಿದೆ ಅಂತಲೇ ಅರ್ಥ. ಋಣ ಸಂಬಂಧ, ಹಂಗು ಭಾರ. ವಚನಕಾರರು ಹಂಗನ್ನು ಅಷ್ಟು ದ್ವೇಷಿಸಿದ್ದು ಸುಮ್ಮನೆ ಅಲ್ಲ. ಹಂಗಿನಲ್ಲಿರೋನು ನೆಟ್ಟಗೆ ನಿಂತು ನಿಜ ಹೇಳಲಾರ.

ಋಣದ ಹಳೇ ಲೆಕ್ಕವೂ ಕುತೂಹಲದ್ದು. ತೈತ್ತಿರೀಯ ಸಂಹಿತೆ ಹೇಳೋ ಪ್ರಕಾರ ಬ್ರಾಹ್ಮಣ ಹುಟ್ಟುವಾಗಲೇ ಮೂರು ಋಣ ಹೊತ್ತು ಬರುತ್ತಾನೆ: ಋಷಿಗಳದ್ದು, ದೇವತೆಗಳದ್ದು, ಪಿತೃಗಳದ್ದು. ಋಷಿಋಣ ತೀರೋದು ವಿದ್ಯಾರ್ಥಿಯಾಗಿ ಬದುಕೋದರಿಂದ. ಅಂದರೆ ಓದು ಅನ್ನೋದು ಕಲಿಸಿದವರ ಕಡೆಗಿನ ಋಣ. ಪಿತೃಋಣ ತೀರೋದು ಮುಂದಿನ ಪೀಳಿಗೆಯಿಂದ, ಕೊಟ್ಟವರಿಗೆ ವಾಪಸ್ ಕೊಡೋದರಿಂದಲ್ಲ. ನಾನು ಇವೆರಡನ್ನೂ ಕಲಸಿಬಿಟ್ಟಿದ್ದೆ. ಓದಿನಿಂದ ಅಪ್ಪನ ಸಾಲ ತೀರಿಸೋಕೆ ಹೋಗಿ, ಓದಿನ ಜೊತೆ ಇದ್ದ ಸಂಬಂಧವನ್ನೂ ಕಳೆದುಕೊಂಡೆ. ಹೈಸ್ಕೂಲಿನಲ್ಲಿ ಗಣಿತ ನನಗೆ ಇಷ್ಟದ ವಿಷಯ ಅಂದರೆ ಈಗ ಯಾರೂ ನಂಬೋದಿಲ್ಲ.

ಹಾಗಾದರೆ ನಮ್ಮನೆಯಲ್ಲಿ ಋಣ ಹಂಗಾದದ್ದು ಎಲ್ಲಿ? ಅಪ್ಪ ಎಣಿಸಿ ತೋರಿಸಿದವನಲ್ಲ. ಹಂಗು ಮಾಡಿದ್ದು ಮುಚ್ಚುಮರೆ ಅಂತ ನನಗೆ ಅನ್ನಿಸುತ್ತೆ. ಬೋರಮಾಳದ ವಿಷಯ ಮೊದಲೇ ಬಾಯಿಬಿಟ್ಟು ಹೇಳಿದ್ದರೆ ನಾನು ಸ್ಕಾಲರ್‌ಶಿಪ್ಪಿಗೆ ಓಡಾಡುತ್ತಿದ್ದೆನೋ, ಡಿಪ್ಲೊಮಾ ಸಾಕು ಅನ್ನುತ್ತಿದ್ದೆನೋ, ಏನೋ ಒಂದು ಹೇಳೋ ಹಕ್ಕು ನನಗಿರುತ್ತಿತ್ತು. ನಾನು 11 ಅಂತ ಹೇಳಿದ್ದರೆ, ಮುಂದಿನ ವರ್ಷದ ಹಾಸ್ಟೆಲ್ ಬೇಕೋ ಬೇಡವೋ ಅಂತ ಯೋಚನೆ ಮಾಡೋ ಹಕ್ಕು ಅವರಿಗಿರುತ್ತಿತ್ತು. ನೋವಾಗಬಾರದು ಅಂತ ಮುಚ್ಚಿಟ್ಟಾಗ ನಾವು ನೋವು ತಪ್ಪಿಸಲಿಲ್ಲ, ಒಬ್ಬರ ಪಾಲಿನ ನಿರ್ಧಾರ ಇನ್ನೊಬ್ಬರು ಕಸಿದುಕೊಂಡೆವು. ನಾನು ಅಪ್ಪನಿಗೆ ತೀರಿಸಬೇಕಿದ್ದದ್ದು ಅಂಕ ಅಲ್ಲ, ಲೆಕ್ಕ. ನಿಜವಾದ ಲೆಕ್ಕ, 11 ಅನ್ನೋದನ್ನು 11 ಅಂತಲೇ.

ಹೇಳೋದು ಸುಲಭ ಅಂತ ಮಾತ್ರ ಯಾರೂ ಹೇಳಬೇಡಿ. ಹಾಸ್ಟೆಲಿನ ಆ ಮೆಟ್ಟಿಲ ಮೇಲೆ ಕೂತು ನಾನು ಎಂಥೆಂಥ ಯೋಚನೆ ಮಾಡಿದ್ದೆ ಅನ್ನೋದನ್ನು ಇಲ್ಲಿ ಬರೆಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಪ್ರಕಾರ 2022ರಲ್ಲಿ ಈ ದೇಶದಲ್ಲಿ ಜೀವ ಕಳೆದುಕೊಂಡ ವಿದ್ಯಾರ್ಥಿಗಳು 13,044. ಅವರಲ್ಲಿ ಎಷ್ಟು ಜನ ಹಿಂದಿನ ವಾರ ಮನೆಗೆ ಫೋನ್ ಮಾಡಿ 'ಚಲೋ ಆಗೇತಿ' ಅಂದಿದ್ದರೋ. ಆವಾಗ ನನಗೆ ಗೊತ್ತಿರದ, ಈಗ ಇರೋ ಒಂದು ದಾರಿ ಟೆಲಿ-ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾಯ್ತು, 14416ಕ್ಕೆ ಫೋನ್ ಮಾಡಿದರೆ ಯಾವ ಹೊತ್ತಿನಲ್ಲೂ ಕನ್ನಡದಲ್ಲಿ ಮಾತಾಡೋರು ಸಿಗುತ್ತಾರೆ. ಅಪ್ಪನಿಗೆ ಹೇಳಲಾಗದ್ದನ್ನು ಮೊದಲು ಗುರುತಿಲ್ಲದವರಿಗೆ ಹೇಳಿ ಅಭ್ಯಾಸ ಮಾಡಿಕೊಳ್ಳಬಹುದು, ಅದರಲ್ಲಿ ಸಣ್ಣತನ ಏನಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ನೂರು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರೋ ಪ್ರತಿ ಸಂಸ್ಥೆಯಲ್ಲೂ ಆಪ್ತಸಮಾಲೋಚಕರು ಇರಬೇಕು, ಅಂಕ ನೋಡಿ ಮಕ್ಕಳನ್ನು ಬ್ಯಾಚು ಬ್ಯಾಚಾಗಿ ಒಡೆಯಬಾರದು ಅಂತ ಹೇಳಿತು. ಹೇಳಿದ್ದು ಊರೂರಿಗೆ ಮುಟ್ಟೋಕೆ ಸಮಯ ಬೇಕು.

ಇಷ್ಟೆಲ್ಲ ಗೊತ್ತಿದ್ದವನು ನಾನು, ಜನವರಿಯಲ್ಲಿ ಆ ಮಾತು ಅಂದೆನಲ್ಲ. ಅಪ್ಪ ಜನ್ಮದಲ್ಲಿ ಆಡದ ಮಾತು ನನ್ನ ಬಾಯಲ್ಲಿ ಒಂದು ಫೀ ರಸೀದಿಗೇ ಬಂತು. ವರ್ಷಕ್ಕೊಮ್ಮೆ ಮ್ಯಾನೇಜರ್ ಕೂರಿಸಿಕೊಂಡು ನನಗೆ ರೇಟಿಂಗ್ ಕೊಡುವಾಗ ಎಷ್ಟು ಕುಗ್ಗುತ್ತೇನೆ ಅಂತ ನನಗೆ ಗೊತ್ತು. ಕೊಡೋ ಜಾಗದಲ್ಲಿ ಕೂತ ತಕ್ಷಣ ಮರೆತೇಹೋಯ್ತು.

ಯುಗಾದಿಗೆ ರಾಣಿ ಚೆನ್ನಮ್ಮ ಹತ್ತಿದೆ. ಬೆಳಗ್ಗೆ ಘಟಪ್ರಭಾ ಸ್ಟೇಷನ್ನಿನಲ್ಲಿ ಇಳಿದಾಗ ಹುಡುಗನೇ ಭಾವನ ಬೈಕು ತಂದು ನಿಂತಿದ್ದ. ಸಂಜೆ 'ಬಾ, ಫಾಲ್ಸಿಗೆ ಹೋಗಿ ಬರೂಣು' ಅಂದೆ. ಮಾರ್ಚಿನಲ್ಲಿ ಅಲ್ಲಿ ನೋಡೋಕೆ ನೀರು ಅಷ್ಟೇನಿರಲ್ಲ, ಬಂಡೆ ಮೈಬಿಟ್ಟುಕೊಂಡು ನಿಂತಿರುತ್ತೆ. ತೂಗುಸೇತುವೆಯ ಹತ್ತಿರ ಒಂದು ಕಲ್ಲಿನ ಮೇಲೆ ಕೂತು, ಬ್ಯಾಗಿನಿಂದ ಮಡಚಿದ ಒಂದು ಹಾಳೆ ತೆಗೆದು ಕೊಟ್ಟೆ. ನನ್ನ ಮೂರನೇ ಸೆಮಿಸ್ಟರಿನ ಮಾರ್ಕ್ಸ್‌ಕಾರ್ಡ್.

ಬಿಚ್ಚಿ ನೋಡಿದ. ಬೆರಳು ಇಟ್ಟು ಸಾಲು ಸಾಲಾಗಿ ಓದಿದ. ಒಂದು ಕಡೆ ಬೆರಳು ನಿಂತಿತು.

'ಮಾಮಾ, ಹನ್ನೊಂದ?'

'ಹೂಂ.'

'ಎಷ್ಟಕ್ಕ? ಇಪ್ಪತ್ತೈದಕ್ಕ?'

'ನೂರಕ್ಕ.'

ನಕ್ಕ. ಬಾಯಿಗೆ ಕೈ ಅಡ್ಡ ಹಿಡಿದು, ಭುಜ ಅಲುಗಾಡೋ ಹಾಗೆ ನಕ್ಕ. ನನಗೂ ನಗು ಬಂತು. ಆ ಹಾಳೆ ನೋಡಿ ನಾನು ನಕ್ಕಿದ್ದು ಅದೇ ಮೊದಲು. ಅಪ್ಪನಿಗೆ ಹೇಳಿದ 68ರ ಕಥೆ, ಕ್ಯಾಂಟೀನಿನ ಚಾ, ಬೋರಮಾಳ ಎಲ್ಲ ಹೇಳಿದೆ. ಬೋರಮಾಳ ವಾಪಸ್ ಬಂತಾ ಅಂತ ಕೇಳಿದ. ಬಂತು, ನನ್ನ ಮೊದಲ ವರ್ಷದ ಸಂಬಳದಲ್ಲಿ ಬಿಡಿಸಿದೆ, ಆದರೆ ಅವ್ವ ಹಾಕಿಕೊಂಡದ್ದು ಕಡಿಮೆ ಅಂದೆ. ಆಮೇಲೆ, ಬಹಳ ಕಷ್ಟಪಟ್ಟು, 'ಜನವರಿ ಒಳಗ ನಾ ರೊಕ್ಕದ ಮಾತ ಆಡಬಾರದಿತ್ತು' ಅಂದೆ. ಅವನು ಅದಕ್ಕೆ ಏನೂ ಅನ್ನಲಿಲ್ಲ. ಹಾಳೆಯನ್ನು ಮೊದಲಿದ್ದ ಮಡಿಕೆಗೇ ಸರಿಯಾಗಿ ಮಡಚಿ ಕೊಟ್ಟ.

ಕತ್ತಲಾಗತೊಡಗಿತ್ತು. ಬೈಕಿನ ಹತ್ತಿರ ಬಂದು, ಕೀಲಿ ಹಾಕಿ, ತಿರುವದೇ ನಿಂತ. 'ಮಾಮಾ, ಕೆಮಿಸ್ಟ್ರಿ ಹೋಗತೈತಿ. ಮ್ಯಾಥ್ಸ್‌ದೂ ಗ್ಯಾರಂಟಿ ಇಲ್ಲ. ಡಿಸೆಂಬರ್‌ನಾಗ ನನ್ನ ಎ ಸೆಕ್ಷನ್ ಬಿಡಿಸಿ ಬಿ ಸೆಕ್ಷನ್‌ಗೆ ಹಾಕ್ಯಾರ.'

'ಪರೀಕ್ಷೆ-2 ಐತೆಲ್ಲ, ಬರೀ. ಅದ ನಿಂದ್ರದಿದ್ರ 3 ಐತಿ,' ಅಂದೆ. ನನ್ನ ದನಿ ಸಮಾಧಾನವಾಗಿಯೇ ಇತ್ತು ಅಂದುಕೊಳ್ಳುತ್ತೇನೆ.

ಅವನು ತಲೆ ಆಡಿಸಿದ. ಬೈಕು ಶುರು ಮಾಡಿ, ನಾನು ಹಿಂದೆ ಕೂತಮೇಲೆ, ತಿರುಗಿ ನೋಡದೆ ಅಂದ: 'ಅವ್ವಗ ಮಾತ್ರ ಹೇಳಬ್ಯಾಡ ಮಾಮಾ. ಪಾಪ, ಭಾಳ ಮನಸಿಗೆ ಹಚ್ಕೋತಾಳ.'

ಕೊಣ್ಣೂರು ಬರೋವರೆಗೆ ನಾನು ಮಾತಾಡಲಿಲ್ಲ. ಮನೆಯ ಮುಂದೆ ಅಕ್ಕ ಕಟ್ಟೆಯ ಮೇಲೆ ಕೂತಿದ್ದಳು. ಬೈಕಿನ ಬೆಳಕು ಮುಖಕ್ಕೆ ಬಿದ್ದಾಗ ಕೈ ಅಡ್ಡ ಹಿಡಿದು, 'ಏನಂತಾನ ನಿನ್ನ ಅಳಿಯಾ?' ಅಂದಳು.